ದಾಖಲೆ ನಮ್ಮದು, ಬೀಗದ ಕೈ ಯಾರದು?

ರಾಯಚೂರು: 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಾಗಿನಿಂದ ರಾಯಚೂರಿನ ಠಾಣೆಯಿರಲಿ, ದೇವದುರ್ಗದ ಠಾಣೆಯಿರಲಿ, ಮಾನ್ವಿಯ ಠಾಣೆಯಿರಲಿ, ಪೊಲೀಸರು ಯಾವುದೇ ಮನೆಯನ್ನು ಶೋಧಿಸಿ ವಸ್ತುಗಳನ್ನು ಜಪ್ತಿ ಮಾಡುವಾಗ ಇಡೀ ಪ್ರಕ್ರಿಯೆಯನ್ನು ವಿಡಿಯೋದಲ್ಲಿ ದಾಖಲಿಸಬೇಕಾಗಿದೆ. ಸಂಹಿತೆಯ 105ನೇ ಕಲಂ ವಿಧಿಸಿರುವ ಕಟ್ಟಳೆ ಇದು. ಜಪ್ತಿ ಪಟ್ಟಿ ಸಿದ್ಧಪಡಿಸುವುದು, ಪಂಚರು ಸಹಿ ಹಾಕುವುದು ಎಲ್ಲವೂ ಕ್ಯಾಮೆರಾದ ಎದುರಿಗೇ ನಡೆಯಬೇಕು. ಆ ದಾಖಲೆ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರ ಕೈ ಸೇರಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸುವುದನ್ನೂ ಚಿತ್ರೀಕರಿಸಬೇಕೆಂದು 176ನೇ ಕಲಂ ಹೇಳುತ್ತದೆ.

ಸುಧಾರಣೆ ಸ್ವಾಗತಾರ್ಹವೇ. ಆದರೆ ಅದರ ಬೆನ್ನಿಗೇ ಒಂದು ಪ್ರಶ್ನೆ ಉದ್ಭವಿಸುತ್ತದೆ. ನಮ್ಮ ಕೆಳಹಂತದ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ಹತ್ತಾರು ವರ್ಷ ನಡೆಯುವುದು ಹೊಸ ಸಂಗತಿಯೇನಲ್ಲ. ಇಂದು ತೆಗೆದ ವಿಡಿಯೋ ಅಂದು ತೆರೆದುಕೊಳ್ಳುತ್ತದೆಯೇ? ತೆರೆಯದಿದ್ದರೆ ಅದನ್ನು ತೆರೆಸುವ ಅಧಿಕಾರ ಯಾರ ಬಳಿ ಇರುತ್ತದೆ?

ಮೇಲ್ನೋಟಕ್ಕೆ ಇದು ಬೆಂಗಳೂರಿನ ತಂತ್ರಾಂಶ ಪಂಡಿತರು ಚರ್ಚಿಸಬೇಕಾದ ವಿಷಯದಂತೆ ಕಂಡೀತು. ವಾಸ್ತವದಲ್ಲಿ ಇದು ನ್ಯಾಯದ ಪ್ರಶ್ನೆ. ಹಿಂದುಳಿದ ಜಿಲ್ಲೆಯೊಂದರ ನೆನಪಿನ ಪ್ರಶ್ನೆಯೂ ಹೌದು.

ಅಂಗಡಿ ಕ್ಯಾಮೆರಾದ ಕಥೆ:

ಪೊಲೀಸರ ಮೊಬೈಲಿಗಿಂತ ಮೊದಲು ಸಮಸ್ಯೆ ಎದುರಾಗುವುದು ಅಂಗಡಿಗಳ ಗೋಡೆಯ ಮೇಲಿನ ಸಿಸಿಟಿವಿಯಲ್ಲಿ. ಏಕಕಾಲಕ್ಕೆ ನೂರು ಜನ ಸೇರುವ ಸ್ಥಳಗಳು ಕ್ಯಾಮೆರಾ ಅಳವಡಿಸಿ 30 ದಿನಗಳ ದೃಶ್ಯಗಳನ್ನು ಕಾಯ್ದಿಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ ಹೇಳುತ್ತದೆ. ಕಾನೂನಿನ ಭಯದಿಂದಲೋ ಕಳ್ಳರ ಭಯದಿಂದಲೋ ಇಂದು ಜಿಲ್ಲಾ ಕೇಂದ್ರದ ಮಾರುಕಟ್ಟೆಯಿಂದ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದವರೆಗೆ ಎಲ್ಲೆಡೆ ಕ್ಯಾಮೆರಾಗಳು ಕಣ್ಣು ತೆರೆದು ಕುಳಿತಿವೆ.

ಈ ಕ್ಯಾಮೆರಾಗಳ ದೃಶ್ಯ ಸಂಗ್ರಹಿಸುವ ಪೆಟ್ಟಿಗೆಗಳಲ್ಲಿ ಹಲವು, ವಿಡಿಯೋವನ್ನು ತಯಾರಕ ಕಂಪನಿಯದೇ ಆದ ಖಾಸಗಿ ಮಾದರಿಯಲ್ಲಿ ಉಳಿಸುತ್ತವೆ. ಪೆನ್ ಡ್ರೈವ್‌ಗೆ ನಕಲು ಮಾಡಿಕೊಂಡು ಹೋದರೆ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ತೆರೆಯದೇ ಹೋಗಬಹುದು. ಅದಕ್ಕೆ ಕಂಪನಿ ಕೊಡುವ ಪ್ರತ್ಯೇಕ ಪ್ಲೇಯರ್ ಬೇಕು. ಆ ಪ್ಲೇಯರ್ ಹಳೆಯ ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದಾಗಿದ್ದರೆ, ಅಥವಾ ಕಂಪನಿಯೇ ಬಾಗಿಲು ಹಾಕಿದ್ದರೆ, ಕಳ್ಳನ ಮುಖ ಕಡತದೊಳಗಿದ್ದೂ ಇಲ್ಲದಂತೆಯೇ ಸರಿ.

'ಹಾಗಿದ್ದರೆ ಬೇರೆ ಮಾದರಿಗೆ ಪರಿವರ್ತಿಸಿದರಾಯಿತಲ್ಲ?' ಎಂದು ಯಾರಾದರೂ ಕೇಳಬಹುದು. ತೊಡಕು ಇರುವುದೇ ಇಲ್ಲಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕು. ಅದರಲ್ಲಿ ಕಡತದ ಹ್ಯಾಷ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಷ್ ಎಂದರೆ ಕಡತದ ಬೆರಳಚ್ಚು ಎನ್ನಲಡ್ಡಿಯಿಲ್ಲ. ಒಳಗಿನ ಒಂದೇ ಒಂದು ಅಂಶ ಬದಲಾದರೂ ಈ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಮಾದರಿ ಪರಿವರ್ತಿಸಿದ ಕ್ಷಣವೇ ಬೆರಳಚ್ಚು ಬೇರೆಯಾಗುತ್ತದೆ. ಎದುರು ಪಕ್ಷದ ವಕೀಲರಿಗೆ 'ಇದು ಮೂಲವಲ್ಲ' ಎಂದು ವಾದಿಸಲು ಇಷ್ಟು ಸಾಕು. ಹೀಗಾಗಿ ಮೂಲವನ್ನೂ ಕಾಯ್ದಿಡಬೇಕು, ನೋಡಲು ಬರುವ ನಕಲನ್ನೂ ಕೊಡಬೇಕು, ಎರಡರ ನಡುವಿನ ಸಂಬಂಧವನ್ನೂ ರುಜುವಾತುಪಡಿಸಬೇಕು. ಮೊದಲೇ ಮುಕ್ತ ಮಾದರಿಯಲ್ಲಿ ದಾಖಲಾಗಿದ್ದರೆ ಈ ಮೂರು ಕೆಲಸಗಳ ಜಾಗದಲ್ಲಿ ಒಂದೇ ಕೆಲಸವಿರುತ್ತಿತ್ತು.

ವಿಡಿಯೋ ಸಾಕ್ಷ್ಯ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ರಾಯಚೂರಿನಂತೆಯೇ ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಹಾರಾಷ್ಟ್ರದ ಜಾಲ್ನಾದ ಪ್ರಕರಣವೇ ನಿದರ್ಶನ. 2014ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ಸಲ್ಲಿಕೆಯಾದದ್ದು ಗಡುವಿನೊಳಗೋ ನಂತರವೋ ಎಂಬ ವಿವಾದದಲ್ಲಿ ಚುನಾವಣಾಧಿಕಾರಿ ಕಚೇರಿಯ ದೃಶ್ಯಗಳಿದ್ದ ವಿಸಿಡಿಗಳು ನ್ಯಾಯಾಲಯಕ್ಕೆ ಬಂದವು. ಬಾಂಬೆ ಹೈಕೋರ್ಟ್ 2017ರಲ್ಲಿ ಆಯ್ಕೆಯನ್ನು ಅಸಿಂಧುಗೊಳಿಸಿತು. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಮೇಲ್ಮನವಿಯನ್ನು ವಜಾಗೊಳಿಸುತ್ತಲೇ ಪ್ರಮಾಣಪತ್ರದ ಅಗತ್ಯವನ್ನು ಎತ್ತಿಹಿಡಿಯಿತು. ನ್ಯಾಯಾಲಯಗಳಿಗೆ ಆ ವಿಸಿಡಿಗಳನ್ನು ನೋಡಲು ಸಾಧ್ಯವಾಯಿತು ಎಂಬುದು ಇಲ್ಲಿ ಗಮನಾರ್ಹ.

ಚೀಲ ಬೇರೆ, ತಳಿ ಬೇರೆ:

ವಿಡಿಯೋ ಕಡತದ ಒಳಗುಟ್ಟನ್ನು ಭತ್ತದ ಚೀಲಕ್ಕೆ ಹೋಲಿಸಿದರೆ ಮಾನ್ವಿ, ಸಿಂಧನೂರು ಕಡೆಯವರಿಗೆ ಥಟ್ಟನೆ ಅರ್ಥವಾದೀತು. ಎಂಪಿ4, ಎವಿಐ, ವೆಬ್‌ಎಂ ಎಂಬ ಹೆಸರುಗಳು ಚೀಲದ ಹೆಸರುಗಳು. ಒಳಗೆ ತುಂಬಿರುವ ತಳಿ ಬೇರೆಯೇ. ಅದನ್ನು ಕೋಡೆಕ್ ಎನ್ನುತ್ತಾರೆ. ಸೆಕೆಂಡಿಗೆ 25-30 ಚಿತ್ರಗಳನ್ನು ಹಾಗೆಯೇ ಉಳಿಸಿದರೆ ಯಾವ ಡಿಸ್ಕೂ ಸಾಲದು. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾದದ್ದನ್ನಷ್ಟೇ ಬರೆದಿಟ್ಟು, ಕಣ್ಣಿಗೆ ಗೊತ್ತಾಗದ ಸೂಕ್ಷ್ಮಗಳನ್ನು ಕೈಬಿಟ್ಟು ಸಂಕುಚಿಸುವ ವಿದ್ಯೆಯೇ ಕೋಡೆಕ್. ಸಂಕುಚಿಸಿದ ಸೂತ್ರ ತಿಳಿದಿದ್ದರೆ ಮಾತ್ರ ಬಿಡಿಸಲು ಸಾಧ್ಯ.

ಈ ಸೂತ್ರ ಮೂರು ಬಗೆಯಲ್ಲಿರಬಹುದು. ಕಂಪನಿಯ ತಿಜೋರಿಯೊಳಗೆ ಗುಟ್ಟಾಗಿರುವುದು ಮೊದಲನೆಯದು. ಎಲ್ಲರೂ ಓದಲು ಪ್ರಕಟವಾಗಿದ್ದರೂ ಬಳಸುವ ತಯಾರಕರು ಪೇಟೆಂಟ್‌ದಾರರಿಗೆ ರಾಯಧನ ತೆರಬೇಕಾದದ್ದು ಎರಡನೆಯದು. ಪ್ರಕಟವೂ ಆಗಿದ್ದು ರಾಯಧನವೂ ಇಲ್ಲದ್ದು ಮೂರನೆಯದು. ಮೊಬೈಲುಗಳಲ್ಲಿ ವ್ಯಾಪಕವಾಗಿರುವ ಎಚ್.264 ಎರಡನೇ ಗುಂಪಿನದು. 2003ರಲ್ಲಿ ಅಂತಾರಾಷ್ಟ್ರೀಯ ಮಾನದಂಡವಾಗಿ ಪ್ರಕಟವಾಯಿತು. ವಿಪಿ9 ಹಾಗೂ ಎವಿ1 ಮೂರನೇ ಗುಂಪಿನವು. ಸಿಸಿಟಿವಿ ಪೆಟ್ಟಿಗೆಗಳು ಅನೇಕ ವೇಳೆ ಒಳಗೆ ಎಚ್.264 ತುಂಬಿ, ಚೀಲದ ಬಾಯನ್ನು ಮಾತ್ರ ತಮ್ಮದೇ ಹೊಲಿಗೆಯಿಂದ ಹೊಲಿಯುತ್ತವೆ! ಕಾಳು ಪರಿಚಿತವೇ, ಹೊಲಿಗೆ ಬಿಚ್ಚಲು ಬರುವುದಿಲ್ಲ.

ಸತ್ತ ಮಾದರಿಗಳ ಸಾಲು:

ವಿಡಿಯೋ ಎಂಬುದು ರಾಯಚೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೋ ಹಾಗೂ ನಾಸಾ ನಡೆಸಿದ ಸೈಟ್ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ನೇರವಾಗಿ ಟಿವಿ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳು. ಅಂದರೆ ರಾಜ್ಯದ ಅನೇಕ ಪಟ್ಟಣಗಳಿಗಿಂತ ಮೊದಲೇ ಈ ಭಾಗದ ಹಳ್ಳಿಗರು ಟಿವಿ ಕಂಡಿದ್ದರು!

ನಂತರ ಬಂದದ್ದು ವಿಎಚ್ಎಸ್ ಕ್ಯಾಸೆಟ್. ಮದುವೆ, ಜಾತ್ರೆ, ಬಯಲಾಟಗಳೆಲ್ಲ ಅದರೊಳಗೆ ಸೇರಿದವು. ಕ್ಯಾಸೆಟ್ ಓಡಿಸುವ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಪ್ರಮುಖ ಕಂಪನಿ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಉತ್ಪಾದನೆ ನಿಲ್ಲಿಸಿತು. ಅಷ್ಟರಲ್ಲಿ ವಿಸಿಡಿ, ಡಿವಿಡಿಗಳು ಬಂದು ಹೋಗಿದ್ದವು. ಮೊಬೈಲಿನ 3ಜಿಪಿ ಕಡತಗಳು ಬ್ಲೂಟೂತ್ ಮೂಲಕ ಊರೂರು ಅಲೆದವು. ಅಂತರ್ಜಾಲದಲ್ಲಿ ರಿಯಲ್ ಪ್ಲೇಯರ್ ಇಲ್ಲದೆ ವಿಡಿಯೋ ಇಲ್ಲ ಎಂಬ ಕಾಲ ಕಳೆದು, ಫ್ಲ್ಯಾಶ್ ಇಲ್ಲದೆ ಇಲ್ಲ ಎಂಬ ಕಾಲ ಬಂತು. ಅಡೋಬಿ ಕಂಪನಿ ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31ರಂದು ಅಂತ್ಯ ಹಾಡಿತು. 2021ರ ಜನವರಿ 12ರಿಂದ ಅದರೊಳಗಿನ ದೃಶ್ಯಗಳು ಓಡದಂತೆಯೇ ಮಾಡಿತು. ಒಂದು ಕಂಪನಿಯ ತೀರ್ಮಾನದಿಂದ ಜಗತ್ತಿನ ಅಸಂಖ್ಯ ಪುಟಗಳು ಕಣ್ಣು ಮುಚ್ಚಿದವು.

ಇಲ್ಲೊಂದು ಸೂಕ್ಷ್ಮವಿದೆ. ವಿಸಿಡಿಯ ಡಿಸ್ಕ್ ಹಾಳಾಗಬಹುದು, ಅದನ್ನು ಓದುವ ಡ್ರೈವ್ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲದಿರಬಹುದು. ಆದರೆ ಡಿಸ್ಕ್ ಚೆನ್ನಾಗಿದ್ದರೆ ಅದರೊಳಗಿನ ಕಡತ ಇಂದಿಗೂ ಸಲೀಸಾಗಿ ತೆರೆಯುತ್ತದೆ. ಕಾರಣ, ಅದರಲ್ಲಿರುವ ಎಂಪೆಗ್-1 ಪ್ರಕಟಿತ ಮಾನದಂಡ. ಡಿವಿಡಿಯ ಎಂಪೆಗ್-2ರ ಪೇಟೆಂಟ್‌ಗಳಲ್ಲಿ ಅಮೆರಿಕದ ಕೊನೆಯದು 2018ರ ಫೆಬ್ರವರಿಯಲ್ಲಿ ತೀರಿತು. ಸೂತ್ರ ಬಹಿರಂಗವಾಗಿದ್ದದ್ದು ಯಂತ್ರ ಸತ್ತರೂ ಬದುಕುತ್ತದೆ; ಗುಟ್ಟಾಗಿದ್ದದ್ದು ಯಾರಾದರೂ ಕಷ್ಟಪಟ್ಟು ಭೇದಿಸಿದರೆ ಮಾತ್ರ ಉಳಿಯುತ್ತದೆ.

ಹಾಗೆ ಭೇದಿಸಿದವರೂ ಇದ್ದಾರೆ. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್ಎಫ್ಎಂಪೆಗ್ ಹಾಗೂ ಪ್ಯಾರಿಸ್ಸಿನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ವಿಎಲ್‌ಸಿ ಪ್ಲೇಯರ್, ಈ ಎರಡು ಮುಕ್ತ ತಂತ್ರಾಂಶಗಳು ಇಲ್ಲದಿದ್ದರೆ ನಮ್ಮ ವಿಡಿಯೋ ಅಂಗಡಿಗಳ ಹಳೆಯ ಸಿಡಿಗಳಲ್ಲಿ ಎಷ್ಟೋ ತೆರೆಯುತ್ತಿರಲಿಲ್ಲ. ಇಂಥ ವಿಎಲ್‌ಸಿಯ ಅಧಿಕೃತ ತಾಣವೇ 2022ರಲ್ಲಿ ಭಾರತದಲ್ಲಿ ತಿಂಗಳುಗಟ್ಟಲೆ ಸಿಗದಂತಾಗಿತ್ತು. ವಕೀಲರ ನೋಟಿಸ್ ಹೋದ ಮೇಲೆ ಅದೇ ವರ್ಷದ ನವೆಂಬರ್‌ನಲ್ಲಿ ನಿರ್ಬಂಧ ತೆರವಾಯಿತು. ಮೂಲಸಂಕೇತ ಬಹಿರಂಗವಾಗಿದ್ದ ಕಾರಣ ಅಷ್ಟರವರೆಗೂ ತಂತ್ರಾಂಶ ಬೇರೆ ದಾರಿಗಳಲ್ಲಿ ಜನರಿಗೆ ದಕ್ಕುತ್ತಿತ್ತು.

ದೈತ್ಯರು ಮುಕ್ತರಾದದ್ದೇಕೆ?

ಮುಕ್ತ ಮಾದರಿಯತ್ತ ಜಗತ್ತು ವಾಲಿದ್ದು ಪರೋಪಕಾರದಿಂದಲ್ಲ, ಲೆಕ್ಕಾಚಾರದಿಂದ. ಆನ್2 ಎಂಬ ಕಂಪನಿ 2001ರಲ್ಲಿ ತನ್ನ ವಿಪಿ3 ಕೋಡೆಕ್ ಅನ್ನು ಮುಕ್ತಗೊಳಿಸಿತ್ತು. ಅದರಿಂದಲೇ ಥಿಯೋರಾ ಹುಟ್ಟಿತು. 2010ರ ಫೆಬ್ರವರಿಯಲ್ಲಿ ಗೂಗಲ್ ಆ ಕಂಪನಿಯನ್ನೇ ಖರೀದಿಸಿತು. ಅದೇ ಮೇ ತಿಂಗಳಲ್ಲಿ ವಿಪಿ8 ಒಳಗೊಂಡ ವೆಬ್‌ಎಂ ಮಾದರಿಯನ್ನು ರಾಯಧನವಿಲ್ಲದೆ ಬಿಡುಗಡೆ ಮಾಡಿತು. ಮೂರು ತಿಂಗಳಲ್ಲಿ, ಅಂದರೆ ಆಗಸ್ಟ್‌ನಲ್ಲಿ, ಎಚ್.264 ಪೇಟೆಂಟ್ ಕೂಟವನ್ನು ನಿರ್ವಹಿಸುತ್ತಿದ್ದ ಎಂಪೆಗ್ ಎಲ್‌ಎ, ಉಚಿತವಾಗಿ ನೋಡುವ ಅಂತರ್ಜಾಲ ವಿಡಿಯೋಗಳಿಗೆ ಎಂದೆಂದಿಗೂ ರಾಯಧನ ಕೇಳುವುದಿಲ್ಲ ಎಂದು ಘೋಷಿಸಿತು. ಪೈಪೋಟಿ ಇದ್ದಲ್ಲಿ ಧಣಿಯೂ ಮೆತ್ತಗಾಗುತ್ತಾನೆ!

2013ರಲ್ಲಿ ಬಂದ ಎಚ್.265 ವಿಷಯದಲ್ಲಿ ಆದದ್ದು ತದ್ವಿರುದ್ಧ. ಒಂದಲ್ಲ, ಮೂರು ಪೇಟೆಂಟ್ ಕೂಟಗಳು ಹುಟ್ಟಿಕೊಂಡು ತಮ್ಮ ತಮ್ಮ ದರಪಟ್ಟಿ ಹಿಡಿದು ನಿಂತವು. ಯಾರಿಗೆ ಎಷ್ಟು ಕೊಡಬೇಕೆಂಬುದೇ ಗೋಜಲಾಯಿತು. ಬೇಸತ್ತ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್, ನೆಟ್‌ಫ್ಲಿಕ್ಸ್, ಮೊಜಿಲ್ಲಾ, ಸಿಸ್ಕೋ, ಇಂಟೆಲ್ ಸಂಸ್ಥೆಗಳು 2015ರಲ್ಲಿ ಮುಕ್ತ ಮಾಧ್ಯಮ ಮೈತ್ರಿಕೂಟ ರಚಿಸಿಕೊಂಡವು. 2018ರ ಮಾರ್ಚ್‌ನಲ್ಲಿ ಎವಿ1 ಹೊರಬಂತು. ತನ್ನದೇ ದಾರಿ ಹಿಡಿಯುವ ಆಪಲ್ ಕೂಡ ಆ ವೇಳೆಗೆ ಕೂಟ ಸೇರಿತ್ತು. 2023ರ ಐಫೋನ್ 15 ಪ್ರೊದಲ್ಲಿ ಎವಿ1 ಬಿಡಿಸುವ ಯಂತ್ರಾಂಶವನ್ನೇ ಅಳವಡಿಸಿತು. ಇತರ ಕೋಡೆಕ್‌ಗಳಿಗಿಂತ ಎವಿ1 ಸರಾಸರಿ ಶೇ. 30ರಷ್ಟು ಹೆಚ್ಚು ಸಂಕುಚಿಸುತ್ತದೆ ಎಂಬುದು ಕೂಟದ ಹೇಳಿಕೆ. ದುರ್ಬಲ ಸಂಪರ್ಕದ ಹಳ್ಳಿಗೆ ಇದು ಲಾಭವೇ.

ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಎವಿ1ಗೆ ಸಂಕುಚಿಸಲು ಹೆಚ್ಚು ಗಣನಶಕ್ತಿ ಬೇಕು. ಹಳೆಯ ಅಗ್ಗದ ಮೊಬೈಲುಗಳಲ್ಲಿ ಅದನ್ನು ಬಿಡಿಸುವ ಪ್ರತ್ಯೇಕ ಯಂತ್ರಾಂಶ ಇಲ್ಲದ ಕಾರಣ ಬ್ಯಾಟರಿ ಬೇಗ ಕರಗುತ್ತದೆ. ದೇವದುರ್ಗದ ಮದುವೆ ಚಿತ್ರೀಕರಿಸುವವನು ನಾಳೆಯೇ ಎವಿ1ಗೆ ಬದಲಾಗಬೇಕು ಎನ್ನುವುದು ವ್ಯಾವಹಾರಿಕವಲ್ಲ. ಅವನಿಗೆ ಎಂಪಿ4 ಸಾಕು. ಮುಕ್ತತೆಯ ಹೆಸರಿನಲ್ಲಿ ಎಲ್ಲೆಡೆ ತೆರೆಯುವ ಎಚ್.264 ಅನ್ನು ದೂರುವುದಕ್ಕಿಂತ ಎಲ್ಲಿಯೂ ತೆರೆಯದ ಖಾಸಗಿ ಹೊಲಿಗೆಯನ್ನು ಬಿಚ್ಚಿಸುವುದು ತುರ್ತಿನ ಕೆಲಸ.

ಕಾನೂನು ಉಂಟು, ಪಾಲನೆ?

ಸರ್ಕಾರದ ಬಳಿ ನೀತಿಯೇ ಇಲ್ಲವೆಂದಲ್ಲ. ಇ-ಆಡಳಿತದಲ್ಲಿ ಮುಕ್ತ ಮಾನದಂಡಗಳ ನೀತಿಯನ್ನು ಕೇಂದ್ರ ಸರ್ಕಾರ 2010ರ ನವೆಂಬರ್‌ನಲ್ಲೇ ಪ್ರಕಟಿಸಿದೆ. ಆಯ್ಕೆಯಾಗುವ ಮಾನದಂಡಕ್ಕೆ ಅಗತ್ಯವಾದ ಪೇಟೆಂಟ್‌ಗಳು ಅದರ ಆಯುಷ್ಯವಿಡೀ ರಾಯಧನಮುಕ್ತವಾಗಿರಬೇಕೆಂಬ ಮಾತು ಅದರಲ್ಲಿದೆ. 2015ರಲ್ಲಿ ಮುಕ್ತ ತಂತ್ರಾಂಶ ಬಳಕೆಯ ನೀತಿಯೂ ಬಂತು. ಅದಕ್ಕೂ ಹಿಂದಿನ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೇ ಕಲಂ, ಕಾಯ್ದಿಡಬೇಕಾದ ವಿದ್ಯುನ್ಮಾನ ದಾಖಲೆ ಮುಂದೆಯೂ ಬಳಕೆಗೆ ಸಿಗುವಂತಿರಬೇಕು ಎನ್ನುತ್ತದೆ. ಮೂಲ ಮಾದರಿಯಲ್ಲಿ ಅಥವಾ ಮೂಲವನ್ನು ನಿಖರವಾಗಿ ಪ್ರತಿನಿಧಿಸುವ ಮಾದರಿಯಲ್ಲಿ ಅದು ಇರಬೇಕೆಂದೂ ಹೇಳುತ್ತದೆ. ತೆರೆಯದ ವಿಡಿಯೋವನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದು 'ಕಾಯ್ದಿಡುವುದು' ಆಗುವುದಿಲ್ಲ ಎಂಬುದೇ ಇದರ ತಾತ್ಪರ್ಯ.

2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೇಶದ ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಅಳವಡಿಸಬೇಕು, ದೃಶ್ಯಗಳನ್ನು 18 ತಿಂಗಳು ಕಾಯ್ದಿಡಬೇಕು, ಅಂಥ ಉಪಕರಣ ಸಿಗದಿದ್ದಲ್ಲಿ ಕನಿಷ್ಠ ಒಂದು ವರ್ಷವಾದರೂ ಇಡಬೇಕು ಎಂದು ಆದೇಶಿಸಿತು. ಠಾಣೆಯೊಳಗಿನ ದೌರ್ಜನ್ಯಕ್ಕೆ ಕಡಿವಾಣ ಹಾಕುವುದು ಈ ತೀರ್ಪಿನ ಉದ್ದೇಶ. ಆದರೆ ದೂರುದಾರ ಕೂಲಿಕಾರನೊಬ್ಬನ ಕೈಗೆ ಆ ದೃಶ್ಯದ ನಕಲು ಬಂದರೂ, ಅದನ್ನು ನೋಡಲು ಕಂಪನಿಯ ತಂತ್ರಾಂಶ ಹುಡುಕಬೇಕಾದರೆ ತೀರ್ಪಿನ ಫಲ ಅರ್ಧಕ್ಕೇ ನಿಂತಂತೆ.

ಖಾಸಗಿ ಮಾದರಿಯ ಕಷ್ಟ ಕನ್ನಡಿಗರಿಗೆ ಹೊಸತೇನಲ್ಲ. ಒಂದು ಕಾಲಕ್ಕೆ ಪ್ರತಿ ಕನ್ನಡ ಪತ್ರಿಕೆಯ ಅಂತರ್ಜಾಲ ತಾಣಕ್ಕೂ ಬೇರೆ ಬೇರೆ ಅಕ್ಷರಶೈಲಿ ಇಳಿಸಿಕೊಳ್ಳಬೇಕಿತ್ತು. ಇಲ್ಲವಾದರೆ ಪರದೆಯ ಮೇಲೆ ಮೂಡುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್ ಬಂದು ಆ ಗೋಡೆ ಕೆಡವಿತು. ಅದಕ್ಕೂ ಮೊದಲಿನ ಎಷ್ಟೋ ಬರಹಗಳು ಹಳೆಯ ಸಂಕೇತಗಳಲ್ಲೇ ಸಿಲುಕಿ ಹುಡುಕಾಟಕ್ಕೂ ಸಿಗದೆ ಉಳಿದವು. ಅಕ್ಷರಕ್ಕೆ ಆದದ್ದು ದೃಶ್ಯಕ್ಕೆ ಆಗಬಾರದು.

ನೆನಪೂ ಒಂದು ಆಸ್ತಿ:

ಈ ಜಿಲ್ಲೆಗೆ ವಿಷಯ ಇನ್ನೂ ಹೆಚ್ಚು ಮುಖ್ಯವಾಗುವುದಕ್ಕೆ ಕಾರಣವಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ. 59.56 ಮಾತ್ರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳೆರಡನ್ನೂ 'ಅತ್ಯಂತ ಹಿಂದುಳಿದ' ಪಟ್ಟಿಗೆ ಸೇರಿಸಿತು. ಬರೆದಿಡಲಾರದ ಜನರ ಪಾಲಿಗೆ ಕ್ಯಾಮೆರಾವೇ ಲೇಖನಿ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಹಾಪೂರದಲ್ಲಿ ತುಂಗಭದ್ರಾ ತೀರದ ಹಳ್ಳಿಗಳು ಮುಳುಗಿದ ದೃಶ್ಯಗಳಾಗಲಿ, ಮೊಹರಂನ ಅಲಾಯಿ ಪದಗಳಾಗಲಿ, ತತ್ವಪದದ ಭಜನೆಗಳಾಗಲಿ, ಒಮ್ಮೆ ಚಿತ್ರೀಕರಣಗೊಂಡರೆ ಅವು ಊರಿನ ಆಸ್ತಿ.

ಮಾನ್ವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಇವರ ಕೀರ್ತನೆಗಳು ಬಾಯಿಂದ ಬಾಯಿಗೆ, ತಾಳೆಗರಿಯಿಂದ ಕಾಗದಕ್ಕೆ ದಾಟಿ ಬಂದವು. ನಕಲು ಮಾಡಲು ಯಾರಪ್ಪಣೆಯೂ ಬೇಕಿರಲಿಲ್ಲ ಎಂಬುದು ಅವು ಉಳಿದುದಕ್ಕೆ ಒಂದು ಕಾರಣ. ಇಂದು ಅದೇ ಹಾಡುಗಳ ಧ್ವನಿ, ಭಾವ, ಮುಖಗಳನ್ನು ದಾಖಲಿಸುವ ಸಾಧನ ನಮ್ಮಲ್ಲಿದೆ. ವಿಕಿಮೀಡಿಯಾ ಕಾಮನ್ಸ್‌ನಂಥ ಸಾರ್ವಜನಿಕ ಭಂಡಾರಕ್ಕೆ ವಿಡಿಯೋ ಸೇರಿಸಬೇಕಾದರೆ ಅದು ವೆಬ್‌ಎಂನಂಥ ಮುಕ್ತ ಮಾದರಿಯಲ್ಲೇ ಇರಬೇಕು. ಎಂಪಿ4 ಒಪ್ಪಿಕೊಳ್ಳಬೇಕೆಂಬ ಪ್ರಸ್ತಾಪವನ್ನು ಅಲ್ಲಿನ ಸಮುದಾಯ 2014ರಲ್ಲಿ ತಿರಸ್ಕರಿಸಿತ್ತು.

ಆಗಬೇಕಾದ್ದೇನು?

ಕೆಲಸ ಕಷ್ಟದ್ದೇನಲ್ಲ. ನಗರಸಭೆ, ಪಂಚಾಯಿತಿ, ಪೊಲೀಸ್ ಇಲಾಖೆಗಳು ಸಿಸಿಟಿವಿ ಖರೀದಿಗೆ ಟೆಂಡರ್ ಕರೆಯುವಾಗ 'ದೃಶ್ಯಗಳು ಪ್ರಕಟಿತ ಮಾನದಂಡದ ಮಾದರಿಯಲ್ಲಿ, ಕಂಪನಿಯ ತಂತ್ರಾಂಶದ ನೆರವಿಲ್ಲದೆ ತೆರೆಯುವಂತಿರಬೇಕು' ಎಂಬ ಒಂದು ಷರತ್ತು ಸೇರಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಖಾಸಗಿ ಮಾದರಿಯ ಕಡತ ಸಾಕ್ಷ್ಯವಾಗಿ ಬಂದಾಗ ಮೂಲವನ್ನು ಮೊಹರು ಮಾಡಿಟ್ಟು, ಮುಕ್ತ ಮಾದರಿಯ ನಕಲು ತೆಗೆದು, ಎರಡರ ಹ್ಯಾಷ್ ಮೌಲ್ಯಗಳನ್ನೂ ಆಗಲೇ ದಾಖಲಿಸುವುದು ರೂಢಿಯಾಗಬೇಕು. ತಾಲ್ಲೂಕು ನ್ಯಾಯಾಲಯಗಳ ಸಿಬ್ಬಂದಿಗೆ ಇದರ ತರಬೇತಿ ಸಿಗಬೇಕು. 2019ರಲ್ಲಿ ಆರಂಭವಾದ ರಾಯಚೂರಿನ ಐಐಐಟಿ ಇಂಥ ತರಬೇತಿಗೆ ಹೆಗಲು ಕೊಟ್ಟರೆ ಜಿಲ್ಲೆಗೆ ಆ ಸಂಸ್ಥೆ ಬಂದುದೂ ಸಾರ್ಥಕವಾದೀತು.

ಮನೆಮಂದಿಗೂ ಕೆಲಸವಿದೆ. ಕಪಾಟಿನಲ್ಲಿರುವ ಮದುವೆಯ ಸಿಡಿ, ಕ್ಯಾಸೆಟ್‌ಗಳನ್ನು ಯಂತ್ರಗಳು ಸಿಗುವಾಗಲೇ ಎಂಪಿ4 ಅಥವಾ ವೆಬ್‌ಎಂಗೆ ಬದಲಿಸಿ ಎರಡು ಕಡೆ ಇಟ್ಟುಕೊಳ್ಳುವುದು ಕ್ಷೇಮ. ಚಿತ್ರೀಕರಿಸುವವರಿಂದ ಸಿಡಿಯ ಬದಲು ಕಡತವನ್ನೇ ಕೇಳಿ ಪಡೆಯಬಹುದು. ಅಂಗಡಿ ಮಾಲೀಕರು ಕ್ಯಾಮೆರಾ ಕೊಳ್ಳುವ ದಿನವೇ ಒಂದು ನಿಮಿಷದ ದೃಶ್ಯವನ್ನು ಪೆನ್ ಡ್ರೈವ್‌ಗೆ ಹಾಕಿ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಕಳ್ಳತನವಾದ ಮೇಲೆ ಪರೀಕ್ಷಿಸುವುದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇದೇ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಿಲಾಶಾಸನ 1915ರಲ್ಲಿ ಬೆಳಕಿಗೆ ಬಂದಾಗ ವಿದ್ವಾಂಸರಿಗೆ ಅದನ್ನು ಓದುವುದು ಕಷ್ಟವಾಗಲಿಲ್ಲ. ಬ್ರಾಹ್ಮಿ ಲಿಪಿಯ ಕೀಲಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಭೇದಿಸಿ ಲೋಕಕ್ಕೆ ತಿಳಿಸಿದ್ದ. ಅದಕ್ಕೂ ಹಳೆಯದಾದ ಸಿಂಧೂ ಲಿಪಿಯ ಮುದ್ರೆಗಳು ಅಷ್ಟೇ ಗಟ್ಟಿಯಾಗಿ ಉಳಿದಿದ್ದರೂ ಇಂದಿಗೂ ಮೌನವಾಗಿವೆ. ಎರಡು ಸಾವಿರ ವರ್ಷದ ಮಾತಿರಲಿ, ಇಪ್ಪತ್ತು ವರ್ಷದ ಹಿಂದಿನ ವಿಡಿಯೋಗೂ ಇದೇ ನಿಯಮ ಅನ್ವಯಿಸುತ್ತದೆ. ಮುಂದಿನ ಸಿಸಿಟಿವಿ ಟೆಂಡರ್‌ಗೆ ಸಹಿ ಹಾಕುವ ಮುನ್ನ ಅಧಿಕಾರಿಗಳು ಒಮ್ಮೆ ಮಸ್ಕಿಗೆ ಹೋಗಿ ಬರುವುದು ಒಳ್ಳೆಯದು.